ಗಂಟಲು ಕೆಟ್ಟ ಭಾನುವಾರ

ಮಂಗಳವಾರ, ಬೆಳಿಗ್ಗೆ

ಗಿಣಿ,

ನಾನಿಲ್ಲಿ ಸುಖವಾಗಿದ್ದೇನೆ ಅಂತ ಶುರು ಮಾಡಬೇಕಂತೆ ಕಾಗದ. ಸುಖವಾಗಿಲ್ಲ. ಮಂಡಿ ನೋವು ಕಡಿಮೆಯಾಗಿದೆ, ಹೊಟ್ಟೆಯೂ ಸರಿ ಇದೆ. ಭಾನುವಾರದಿಂದ ಕನ್ನಡಿ ಮುಂದೆ ನಿಂತು ಗಡ್ಡ ಹೆರೆಯುವುದಕ್ಕೆ ನಾಚಿಕೆಯಾಗುತ್ತಿದೆ, ಅಷ್ಟೇ.

ಫೋನ್ ಮಾಡಬಹುದಿತ್ತು. ಮಾಡಿದರೆ ನನ್ನ ದನಿ ಏರುತ್ತದೆ. ಅಪ್ಪಾ ಮೆಲ್ಲಗೆ, ಪಕ್ಕದಲ್ಲಿ ಜನ ಇದ್ದಾರೆ ಅಂತ ನೀನು ಶುರು ಮಾಡುತ್ತೀಯ. ಅಲ್ಲದೆ ಕಾಗದದಲ್ಲಿ ನನ್ನ ರಾಗ ಕೇಳಿಸುವುದಿಲ್ಲ. ನಾಲ್ಕನೇ ಕ್ಲಾಸಿಗೇ ಚೀಲ ಮೂಲೆಗೆಸೆದವನು ಬರೆದದ್ದು ಅಂತ ಅಕ್ಷರ ನೋಡಿದರೆ ತಿಳಿಯಬಹುದು. ಯಾವ ಕಡೆಯವನು ಅಂತ ತಿಳಿಯುವುದಿಲ್ಲ.

ಭಾನುವಾರ ನಿನ್ನ ಮದುವೆ ಮಾತಿಗೆ ಹೋದಾಗ, ಹುಡುಗನ ಮನೆ ಮೆಟ್ಟಿಲು ಹತ್ತುತ್ತಿದ್ದವಳು ನೀನು ನಡುವೆ ನಿಂತೆ. ಚೀಲದಿಂದ ಮಫ್ಲರ್ ತೆಗೆದು ನನ್ನ ಕತ್ತಿಗೆ ಸುತ್ತಿದೆ. ಅಪ್ಪಾ, ಅವರು ತುಂಬಾ ನಯವಾಗಿ ಮಾತಾಡೋ ಜನ, ನಿಂಗೆ ಗಂಟಲು ಕೆಟ್ಟಿದೆ ಅಂತ ಹೇಳ್ತೀನಿ, ನೀನು ತಲೆ ಆಡಿಸಿದ್ರೆ ಸಾಕು ಅಂದೆ. ನನಗೆ ಸಿಟ್ಟು ನೆತ್ತಿಗೇರಿತು. ಅಲ್ಲಿಂದಲೇ ವಾಪಸ್ಸು ಇಳಿದುಬಿಡುತ್ತಿದ್ದೆ. ಆದರೆ ಆ ಗಂಟನ್ನು ನೀನು ಮೂರು ಸಲ ಬಿಚ್ಚಿ ಮತ್ತೆ ಕಟ್ಟಿದೆ. ನೀನೇ ಮೆಚ್ಚಿ ಆರಿಸಿಕೊಂಡ ಹುಡುಗ. ನಿನ್ನ ಅಮ್ಮ ಇದ್ದಿದ್ದರೆ ಮಾತಿನ ಕೆಲಸವನ್ನೆಲ್ಲ ಅವಳೇ ಮಾಡುತ್ತಿದ್ದಳು. ನಾನು ಹೂಂ ಅಂದೆ.

ನಿನ್ನನ್ನು ಬೈಯಲು ಬರೆಯುತ್ತಿಲ್ಲ. ನಾವು ಈ ಊರಿಗೆ ಬಂದಾಗ ನೀನು ನನ್ನ ಮೊಣಕಾಲಿನಷ್ಟಿದ್ದೆ. ಶಾಲೆ ಶುರುವಾದ ವಾರವೇ ಅತ್ತುಕೊಂಡು ಬಂದೆ. ನೀನು ಬಾಯಿ ಬಿಟ್ಟರೆ ಮಕ್ಕಳು ಬೆಂಚಿನ ಮೇಲೆ ತಾಳ ಹಾಕುತ್ತಿದ್ದರಂತೆ. ರಜೆ ಬರುವಷ್ಟರಲ್ಲಿ ನಿನ್ನ ಮಾತು ಇಸ್ತ್ರಿ ಹಾಕಿದ ಬಟ್ಟೆಯಾಗಿತ್ತು. ನಮ್ಮ ಎಳೆತ, ಕೊನೆಯಲ್ಲಿ ಮೇಲಕ್ಕೇರಿಸಿ ಬಿಡುವುದು, ಎಲ್ಲ ಮಾಯ. ನಾನು ಅತ್ತೆನೇ? ಉಬ್ಬಿಹೋದೆ. ಬಂದವರ ಮುಂದೆಲ್ಲ ನಿನ್ನ ಕೈಲಿ ಪಾಠ ಓದಿಸಿದೆ. ಗಿಣಿ ಅಂತ ಹೆಸರಿಟ್ಟದ್ದೂ ಆಗಲೇ. ಇವತ್ತು ಫೋನ್ ಕಂಪನಿಗೆ ಸೇರುವ ಹೊಸಬರ ನಾಲಿಗೆ ತಿದ್ದುವುದೇ ನಿನ್ನ ಅನ್ನ. ಅಪ್ಪನ ನಾಲಿಗೆ ನಿನಗೆ ಚುಚ್ಚಿದರೆ ಅದು ನಾನೇ ನೆಟ್ಟ ಮುಳ್ಳು.

ನನಗೆ ಮಾತ್ರ ಇಲ್ಲಿಯ ಮಾತು ಹತ್ತಲಿಲ್ಲ. ಲಿಫ್ಟ್ ರಿಪೇರಿಯವನಿಗೆ ನಯ ಯಾಕೆ ಬೇಕು? ಕೆಳಗಿನ ಗುಂಡಿಯಿಂದ ಕೂಗಿದರೆ ಮೇಲಿನ ಮಹಡಿಗೆ ಮುಟ್ಟಬೇಕು, ಸರಿ. ನಡುವೆ ಸಿಕ್ಕಿಕೊಂಡವರು ನನ್ನ ರಾಗ ಕೇಳಿ ನಕ್ಕದ್ದೂ ಉಂಟು. ನಗಲಿ, ನಗುವವರಿಗೆ ಉಸಿರು ಕಟ್ಟುವುದಿಲ್ಲ. ನನ್ನ ಮೇಸ್ತ್ರಿ ಕಲಿಸಿದ ಮೊದಲ ಪಾಠ, ಒಳಗಿನಿಂದ ಯಾರಾದರೂ ಕೂಗಿದರೆ ಮೊದಲು ಓಗೊಡು, ಸ್ಪ್ಯಾನರ್ ಆಮೇಲೆ ಹುಡುಕು ಅಂತ. ಇಷ್ಟು ವರ್ಷ ಅದನ್ನು ತಪ್ಪಿದವನಲ್ಲ. ಭಾನುವಾರ ತಪ್ಪಿದೆ. ಅದು ನಿನಗೆ ಗೊತ್ತಿಲ್ಲ.

ಹುಡುಗನ ಅಪ್ಪ ಮೆತ್ತಗೆ, ಅಳತೆ ಹಾಕಿದ ಹಾಗೆ ಮಾತಾಡುತ್ತಿದ್ದರು. ನಮ್ಮ ಅಮ್ಮನಿಗೆ ವಯಸ್ಸಾಗಿದೆ, ಕಿವಿ ಕೇಳಿಸಲ್ಲ, ಒಳಗೆ ಮಲಗಿದ್ದಾರೆ ಅಂತ ಹೇಳಿದ್ದು ನೆನಪಿದೆಯಲ್ಲ? ಅದೇ ಹೊತ್ತಿಗೆ ಚಹಾ ನನ್ನ ಕೈಮೇಲೆ ಚೆಲ್ಲಿತು. ನಿನ್ನ ಮುಖ ನೋಡಿಕೊಂಡು ಹಲ್ಲು ಕಚ್ಚಿದೆ. ಆ ಮನೆಯ ಹಿಂಭಾಗದಲ್ಲಿದ್ದ ನಲ್ಲಿಗೆ ಹೋಗಿ ಕೈ ಒಡ್ಡಿದೆ ನೋಡು, ಸುಟ್ಟ ಜಾಗಕ್ಕೆ ನೀರು ತಗುಲಿ ಅಯ್ಯಯ್ಯೋ ಅಂತ ಬಾಯಿಂದ ಹೊರಟುಹೋಯಿತು. ನಮ್ಮ ಎಳೆತದಲ್ಲೇ. ಸುಟ್ಟಾಗ ಯಾರು ಯೋಚಿಸಿ ಕೂಗುತ್ತಾರೆ?

ಪಕ್ಕದ ಬಾಗಿಲ ಹಿಂದಿನಿಂದ ಒಂದು ಹೆಂಗಸಿನ ದನಿ ಬಂತು. ಯಾರಪ್ಪಾ ಅದು, ನಮ್ಮ ಕಡೆಯವರಾ ಅಂತ. ಗಿಣಿ, ಅದು ನಮ್ಮ ಮಾತು. ನನ್ನ ಅವ್ವ ಹಿತ್ತಿಲಲ್ಲಿ ನಿಂತು ಕರೆದ ಹಾಗಿತ್ತು. ಬಾಗಿಲು ಅರ್ಧ ತೆರೆಯಿತು. ಬೆನ್ನು ಬಾಗಿದ ಮುದುಕಿ, ಹೊಸ ಸೀರೆ ಉಟ್ಟು ತಲೆ ಬಾಚಿಕೊಂಡು ಸಿದ್ಧವಾಗಿದ್ದಳು. ಮಲಗಿರಲೂ ಇಲ್ಲ, ಕಿವುಡಿಯೂ ಅಲ್ಲ. ಯಾರ ಮಗ ನೀನು, ಒಂದು ಮಾತು ಆಡಪ್ಪಾ, ಈ ಮನೇಲಿ ನಾನು ಬಾಯಿ ಬಿಟ್ರೆ ಎಲ್ಲರೂ ಟೀವಿ ಜೋರು ಮಾಡ್ತಾರೆ ಅಂದಳು. ನಗುತ್ತಲೇ ಅಂದಳು.

ನಾನು ಮಫ್ಲರ್ ಮುಟ್ಟಿ ತೋರಿಸಿದೆ. ನಮ್ಮ ಕಡೆಯವನಲ್ವಾ ಅಂತ ಮತ್ತೆ ಕೇಳಿದಳು. ತಲೆ ಆಡಿಸಿದೆ. ಅಲ್ಲ ಅಂತ ಆಡಿಸಿದೆ.

ಹಾಗೆ ಕೇಳಿಸ್ತಲ್ಲಾ, ನನ್ನ ಹಾಳು ಕಿವಿ ಅಂತ ತನ್ನನ್ನೇ ಬೈದುಕೊಂಡಳು. ಆಮೇಲೆ ಕೈ ಮುಗಿದಳು. ತಪ್ಪು ತಿಳ್ಕೋಬೇಡಿ ಸಾರ್ ಅಂದಳು. ಅದನ್ನು ಮಾತ್ರ ನಮ್ಮ ಹಾಗೆ ಅನ್ನಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಹುಡುಕಿ, ಇಲ್ಲಿಯವರ ಹಾಗೆ ನೇರ ಮಾಡಿ ಅಂದಳು. ಕಚೇರಿ ಕಿಟಕಿ ಮುಂದೆ ನಿಂತಾಗ ನಾನು ಮಾಡುವುದೂ ಅದೇ. ನನ್ನಂಥವನ ಮುಂದೆ ಅವಳು ಹಾಗೆ ನಿಲ್ಲಬೇಕಾಯಿತು. ಬಾಗಿಲು ಹಾಕಿಕೊಂಡಳು. ನಾನು ಬಂದು ನಿನ್ನ ಪಕ್ಕ ಕೂತು ಬಿಸ್ಕತ್ತು ತಿಂದೆ. ಥೂ.

ಹಿಂದಿರುಗುವಾಗ ಆಟೋದಲ್ಲಿ, ಎಲ್ಲ ಚೆನ್ನಾಗಾಯ್ತು ಅಲ್ವಾ ಅಪ್ಪಾ ಅಂತ ನನ್ನ ತೋಳು ಹಿಡಿದೆ. ನೀನು ಅಷ್ಟು ಖುಷಿಯಾಗಿದ್ದೆ. ಆಗಲೂ ನಾನು ತಲೆಯನ್ನೇ ಆಡಿಸಿದೆ.

ನೋಡು, ಮುಚ್ಚುಮರೆ ನನಗೆ ಬರುವುದಿಲ್ಲ. ಆ ಮುದುಕಿಯ ಹತ್ತಿರ ಹೋಗಿ ಬಾಯಿ ಬಿಟ್ಟು ಮಾತಾಡಬೇಕು. ಹೋದರೆ ಸಂಬಂಧ ಮುರಿಯಬಹುದು. ಅವರು ಅಡಗಿಸಿಟ್ಟದ್ದನ್ನು ನಾನು ನಡುಮನೆಗೆ ತಂದ ಹಾಗಾಗುತ್ತದೆ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ನೀನು ಬೇಡ ಅಂದರೆ ಹೋಗುವುದಿಲ್ಲ. ಆದರೆ ಮದುವೆ ದಿನ ಆ ಮಫ್ಲರ್ ನನ್ನ ಕತ್ತಿಗೆ ಬರಕೂಡದು. ಬೇಗ ಉತ್ತರ ಬರೆ. ಹೊತ್ತಿಗೆ ಸರಿಯಾಗಿ ಉಣ್ಣು.

ಗಂಟಲಿಗೆ ಏನೂ ಆಗಿರದ
ನಿನ್ನ ಅಪ್ಪ

ಮರೆತದ್ದು: ನಿನ್ನನ್ನು ಕೇಳುತ್ತೇನೆ ಅಂತ ಮೇಲೆ ಬರೆದದ್ದು ಸುಳ್ಳು. ನಿನ್ನೆಯೇ ಹೋಗಿ ಬಂದೆ. ಹುಡುಗನ ಅಪ್ಪ ಬಾಗಿಲು ತೆರೆದು, ಗಂಟಲು ಹೇಗಿದೆ ಅಂದರು. ನಿಮ್ಮ ತಾಯಿಯವರನ್ನು ನೋಡಬೇಕು ಅಂತ ನಮ್ಮ ಮಾತಿನಲ್ಲೇ ಹೇಳಿದೆ. ಅವರ ಮುಖ ಬಿಳಿಚಿತು. ಆ ಕೋಣೆಯವರೆಗೆ ಕರೆದುಕೊಂಡು ಹೋದರು, ತಾವು ಹೊಸ್ತಿಲಾಚೆ ನಿಂತರು. ನಾನು ಅಮ್ಮಾ ಅಂದೆ, ಅಷ್ಟೇ. ಮುದುಕಿ ತಿರುಗಿಯೂ ನೋಡದೆ, ಏನಪ್ಪಾ, ಗಂಟಲು ವಾಸಿಯಾಯ್ತಾ ಅಂದಳು. ಭಾನುವಾರವೇ ಅವಳಿಗೆಲ್ಲ ಗೊತ್ತಾಗಿತ್ತು. ನನ್ನ ಮಾನ ಉಳಿಸುವುದಕ್ಕೆ ತನ್ನ ಕಿವಿಯನ್ನು ಬೈದುಕೊಂಡಿದ್ದಳು. ನಾನು ತಲೆ ಎತ್ತಲಾರದೆ ನಿಂತಿದ್ದೆ. ಆಮೇಲೆ ಅವಳು ಬಾಗಿಲ ಕಡೆ ಕೈ ತೋರಿಸಿ, ಏನು ಔಷಧಿ ತಗೊಂಡೆ, ನನ್ನ ಮಗನಿಗೂ ಸ್ವಲ್ಪ ಹೇಳು, ಈ ಊರಿಗೆ ಬಂದಾಗಿನಿಂದ ಅವನಿಗೂ ಇದೇ ಕಾಯಿಲೆ ಅಂದಳು. ನಾನು ಹೊರಟಾಗ ಹೊಸ್ತಿಲಾಚೆ ನಿಂತಿದ್ದ ಆ ಮನುಷ್ಯ, ಕೂತ್ಕೋ ಮಾರಾಯ, ಊಟ ಮಾಡ್ಕೊಂಡು ಹೋಗು ಅಂದ. ಹೇಗೆ ಅಂದ ಗೊತ್ತಾ? ಕೊನೆಯಲ್ಲಿ ಮೇಲಕ್ಕೇರಿಸಿ.

ಬರುವ ಭಾನುವಾರ ಅವರೆಲ್ಲ ನಮ್ಮ ಮನೆಗೆ ಬರುತ್ತಾರೆ, ಮುದುಕಿಯೂ ಬರುತ್ತಾಳೆ. ಮೊಮ್ಮಗನ ಹೆಂಡತಿಯಾಗುವವಳ ಮಾತು ಕೇಳಬೇಕಂತೆ ಅವಳಿಗೆ. ಬಾ. ನಿನಗೆ ಗಂಟಲು ಕೆಟ್ಟಿದ್ದರೆ ಮಫ್ಲರ್ ಇಲ್ಲೇ ಇದೆ, ಒಗೆದು ಇಟ್ಟಿದ್ದೇನೆ.