ರಾಕ್ಷಸನ ಹೊಟ್ಟೆಯಲ್ಲೇ ಉಳಿದುಹೋದ ಮುದುಕಮ್ಮನ ಬಗ್ಗೆ, ಶಿಕ್ಷಣಾಧಿಕಾರಿಗಳಿಗೆ

ಮಾನ್ಯರೇ,

ಕಾಲುವೆಯ ನೀರು ಕುಡಿಯುವ ರಾಕ್ಷಸನ ಹೊಟ್ಟೆಯಲ್ಲಿ ಒಬ್ಬ ಹುಡುಗಿ ಸಿಕ್ಕಿಕೊಂಡಿದ್ದಾಳೆ. ಅವಳನ್ನು ಹೊರಗೆ ತರುವ ದಾರಿ ಗೊತ್ತಿದ್ದವಳು ಜಗತ್ತಿನಲ್ಲಿ ಒಬ್ಬಳೇ: ಆರನೆಯ ತರಗತಿಯಲ್ಲಿ ಓದುವ ನನ್ನ ಮಗಳು ಅನುಪಮಾ. ಆ ದಾರಿಯನ್ನು ತಾವು ನೋಟಿಸು ಕೊಟ್ಟು ಬಂದ್ ಮಾಡಿದ್ದೀರಿ. ನನ್ನ ದೂರು ಇಷ್ಟೇ. ಇದು ಕ್ಷುಲ್ಲಕ ಅನ್ನಿಸಿದರೆ ಪತ್ರವನ್ನು ಇಲ್ಲಿಗೇ ಮಡಚಿಡಬಹುದು. ಆದರೆ ಒಂದು ಆಡಿನ ಮೇಲೆ ವಿಚಾರಣೆ ನಡೆಸಿದವರು ತಾವು. ಇದನ್ನೂ ಕೊನೆತನಕ ಓದುವಿರೆಂಬ ಭರವಸೆ ನನಗಿದೆ.

ಬರೆಯುತ್ತಿರುವವನು ಯಾರೆಂದು ಹೇಳಿಬಿಡುತ್ತೇನೆ. ನಾನು ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದವನು. ಬೆನ್ನಿಗಿಂತ ಗಂಟಲಿಗೆ ಬೆಲೆ ಹೆಚ್ಚು ಎಂದು ತಿಳಿದ ದಿನ ಚೀಲ ಇಳಿಸಿ ಮೈಕು ಹಿಡಿದೆ. ಈಗ ಸ್ವಂತ ಆಟೋ ಇದೆ, ಅದರ ನೆತ್ತಿಯ ಮೇಲೆ ಧ್ವನಿವರ್ಧಕ ಇದೆ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಬೀದಿಗಳಲ್ಲಿ ಸೀರೆ ಅಂಗಡಿ ತೆರೆದರೂ, ಕಣ್ಣು ತಪಾಸಣೆ ನಡೆದರೂ, ಚುನಾವಣೆ ಬಂದರೂ ಕೇಳಿಸುವ ದನಿ ನನ್ನದು. ‘ಕಾಲುವೆಯ ಕೊನೆಯ ಹೊಲಕ್ಕೂ ನೀರು’ ಎಂದು ಎಲ್ಲ ಪಕ್ಷಗಳ ಪರವಾಗಿಯೂ ಕೂಗಿದ್ದೇನೆ. ಬಾವುಟ ಬದಲಾಗುತ್ತದೆ, ವಾಕ್ಯ ಬದಲಾಗುವುದಿಲ್ಲ. ‘ಇದು ವಾಸ್ತವಕ್ಕೆ ದೂರ’ ಎಂದು ಇವತ್ತಿನವರೆಗೆ ಯಾರೂ ನನಗೆ ನೋಟಿಸು ಕೊಟ್ಟಿಲ್ಲ.

ತಮ್ಮ ಇಲಾಖೆಗೂ ಕೂಗಿದ್ದೇನೆ. ‘ಮಕ್ಕಳ ಕಲ್ಪನೆಗೆ ರೆಕ್ಕೆ ಕಟ್ಟುವ ಸರಕಾರಿ ಶಾಲೆಗೆ ಬನ್ನಿ’ ಎಂಬ ವಾಕ್ಯವನ್ನು ಬರೆದುಕೊಟ್ಟದ್ದು ತಮ್ಮ ಕಚೇರಿಯೇ. ಕೇಳಿದವರು ಎಷ್ಟು ಮಂದಿ ನಂಬಿದರೋ ಗೊತ್ತಿಲ್ಲ, ಕೂಗಿದವನು ನಂಬಿದ. ಖಾಸಗಿ ಶಾಲೆಯ ಹಳದಿ ಬಸ್ಸಿಗೆ ಕಾಯುತ್ತಿದ್ದ ಮಗಳನ್ನು ಕೈಹಿಡಿದು ತಂದು ನಮ್ಮೂರ ಸರಕಾರಿ ಶಾಲೆಗೆ ಸೇರಿಸಿದ. ನನ್ನ ವ್ಯಾಪಾರದಲ್ಲಿ ಇದೊಂದೇ ಸಲ ನಾನು ನನ್ನದೇ ಜಾಹೀರಾತಿಗೆ ಬಿದ್ದದ್ದು.

ಮೊದಮೊದಲು ಪಶ್ಚಾತ್ತಾಪ ಪಡುವ ಕಾರಣವಿರಲಿಲ್ಲ. ಪದ್ಮಾವತಿ ಟೀಚರ್ ಶಾಲೆಯ ವರಾಂಡದಲ್ಲಿ ಒಂದು ಗೋಡೆ ಪತ್ರಿಕೆ ಮಾಡಿದ್ದರು. ಮಕ್ಕಳು ಬರೆದದ್ದು ಪ್ರತಿ ಶನಿವಾರ ಅಲ್ಲಿ ಅಂಟುತ್ತಿತ್ತು. ನಮ್ಮೂರು ಬಳಗಾನೂರಿನ ಆಚೆ, ಕಾಲುವೆಯ ಬಾಲದ ತುದಿಯಲ್ಲಿದೆ. ಮೇಲಿನ ಊರವರ ಗದ್ದೆಯಲ್ಲಿ ಕಪ್ಪೆ ಕೂಗುವಾಗ ನಮ್ಮ ಕಾಲುವೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ‘ಮ್ಯಾಲಿಂದ ಬಿಟ್ಟ ನೀರು ನಮ್ಮೂರಿಗೆ ಬರೋದ್ರಾಗ ಎಲ್ಲಿಗೆ ಹೋಗ್ತತಪ್ಪಾ?’ ಎಂದು ಅನುಪಮಾ ನನ್ನನ್ನು ಕೇಳಿದಳು. ಮೂರು ತಾಲೂಕಿನಲ್ಲಿ ಬಾಯಿ ಮಾಡುವ ನಾನು ಆಟೋ ಒರೆಸಲು ಎದ್ದೆ. ದೊಡ್ಡವರು ಸುಮ್ಮನಾದಾಗ ಮಕ್ಕಳು ಕಥೆ ಕಟ್ಟುತ್ತಾರೆ. ಅವಳೂ ಕಟ್ಟಿದಳು.

ಅವಳ ಕಥೆಯ ಹುಡುಗಿಯ ಹೆಸರು ಮುದುಕಮ್ಮ. ನಮ್ಮ ಕಡೆ ತೊಟ್ಟಿಲ ಕೂಸಿಗೂ ಇಡುವ ಹೆಸರು. ಅವಳ ಜೊತೆಗೊಂದು ಒಂಟಿಕೊಂಬಿನ ಆಡು. ಕಾಲುವೆ ಒಣಗಿದಾಗ ಮಾತ್ರ ಅದು ಮಾತಾಡುತ್ತದೆ, ನೀರಿದ್ದಾಗ ಬಾಯಿತುಂಬ ಹುಲ್ಲಿರುವುದರಿಂದ ಪುರುಸೊತ್ತಿಲ್ಲ. ಇಬ್ಬರೂ ಒಣಗಿದ ಕಾಲುವೆಯೊಳಗೇ ನಡೆದು ನೀರು ಕದ್ದವನನ್ನು ಹುಡುಕಲು ಹೊರಡುತ್ತಾರೆ. ಒಂದು ಸೇತುವೆಯ ಕೆಳಗೆ ಗಂಟುಮೂಟೆ ಕಟ್ಟಿಕೊಂಡು ಗುಳೆ ಹೊರಟ ಕಪ್ಪೆಗಳು ಸಿಗುತ್ತವೆ. ಇನ್ನೊಂದರ ಕೆಳಗೆ ಗೇಟಿನ ಕೀಲಿ ನುಂಗಿ ಮರೆತುಬಿಟ್ಟ ಆಮೆ. ಕೊನೆಗೆ ದಂಡೆಯ ಮಣ್ಣಿನಡಿ ಮಲಗಿದ ರಾಕ್ಷಸ. ಅವನಿಗೆ ನೆಲದೊಳಗೇ ಹರಿದಾಡುವ ನೂರು ನಾಲಗೆ. ಕತ್ತಲಾದರೆ ಹೀರುತ್ತಾನೆ, ಬೆಳಗಾದರೆ ತಲೆಗೆ ಎಣ್ಣೆ ಹಚ್ಚಿ, ಬಿಳಿ ಅಂಗಿ ತೊಟ್ಟು, ಹೋಟೆಲಿನಲ್ಲಿ ಕೂತು ‘ಈ ಸಲ ನೀರಽ ಇಲ್ಲ ನೋಡ್ರಿ’ ಎಂದು ಎಲ್ಲರಿಗಿಂತ ದೊಡ್ಡ ನಿಟ್ಟುಸಿರು ಬಿಡುತ್ತಾನೆ. ಮುದುಕಮ್ಮ ಅವನ ಒಂದು ನಾಲಗೆಯೊಳಗೆ ಜಾರಿ ಹೊಟ್ಟೆ ಸೇರುತ್ತಾಳೆ. ನೋಡಿದರೆ ಅಲ್ಲೊಂದು ಸಮುದ್ರ. ಅದರ ಮೇಲೆ ಎಷ್ಟೋ ವರ್ಷಗಳಿಂದ ಮಕ್ಕಳು ಕಾಲುವೆಗೆ ಬಿಟ್ಟ ಕಾಗದದ ದೋಣಿಗಳೆಲ್ಲ ತೇಲುತ್ತಿವೆ.

ಕಥೆ ಅಲ್ಲಿಗೆ ನಿಂತಿದೆ.

ನಿಂತದ್ದು ಹೇಗೆಂದು ತಮಗೆ ಗೊತ್ತು, ಈ ಬಹಿರಂಗ ಪತ್ರ ಓದುವ ಉಳಿದವರಿಗೂ ತಿಳಿಯಲಿ. ಧ್ವಜಾರೋಹಣಕ್ಕೆ ಬಂದ ಗಣ್ಯರೊಬ್ಬರು ಲಾಡು ತಿನ್ನುತ್ತ ಆ ಗೋಡೆಯನ್ನು ಓದಿದರು. ಅವರ ಹೆಸರು ನಾನು ಹೇಳುವುದಿಲ್ಲ. ನನ್ನ ಮಗಳೂ ಹೇಳಿರಲಿಲ್ಲ. ಹೇಳಿದವರು ಅವರೇ: ‘ಏ ಟೀಚರಮ್ಮ, ಇದು ನನ್ನ ನೋಡೇ ಬರದಂಗ ಐತಲ್ಲ?’ ಆ ವಾರ ಕಳೆಯುವಷ್ಟರಲ್ಲಿ ತಮ್ಮ ಜೀಪು ಬಂತು. ತಂದೆಯನ್ನೂ ಕರೆಸಿದ್ದಿರಿ, ಆದ್ದರಿಂದ ಮುಂದಿನದಕ್ಕೆ ನಾನೇ ಸಾಕ್ಷಿ.

‘ಇದನ್ನ ಯಾರು ಹೇಳಿಕೊಟ್ರು?’ ಎಂದು ಅನುಪಮಾಳನ್ನು ಕೇಳಿದಿರಿ.

‘ಯಾರೂ ಇಲ್ರೀ ಸರ್.’

‘ಸುಳ್ಳು ಹೇಳಬ್ಯಾಡ. ಕಾಲುವೆ ದಂಡ್ಯಾಗ ಪೈಪ್ ಹುಗದಾರ ಅಂತ ನಿನಗ ಯಾರು ಹೇಳಿದ್ರು?’

‘ಪೈಪ್ ಅಂತ ನಾ ಎಲ್ಲಿ ಬರದೀನ್ರಿ? ನಾಲಗಿ ಅಂತ ಬರದೀನಿ. ಅದನ್ನ ಆಡು ಹೇಳ್ತತ್ರೀ.’

‘ಯಾರ ಆಡು?’

ಮಾನ್ಯರೇ, ಆ ಪ್ರಶ್ನೆ ತಮ್ಮ ಬಾಯಿಂದ ಬಂದಾಗ ಹೆಡ್‌ಮಾಸ್ತರರು ಕಿಟಕಿಯ ಕಡೆ ಮುಖ ತಿರುಗಿಸಿದರು. ಹುಡುಗಿ ಮಾತ್ರ ನಗಲಿಲ್ಲ. ದೊಡ್ಡವರು ಕೇಳಿದ್ದಕ್ಕೆ ಉತ್ತರ ಕೊಡಬೇಕೆಂದು ಯೋಚಿಸಿ, ‘ನೋಡಾಕ ಮಾನಪ್ಪ ಕಾಕಾನ ಆಡಿನಂಗ ಇರ್ತತ್ರಿ’ ಅಂದಳು. ತಮ್ಮ ಜೊತೆಗಿದ್ದವರು ಮಾನಪ್ಪನ ಹೆಸರು ಬರೆದುಕೊಂಡರು. ಆಡು ಕಾಯುವ ಮಾನಪ್ಪ ಸಂಜೆ ನನ್ನ ಆಟೋ ಹುಡುಕಿಕೊಂಡು ಬಂದ. ‘ದುರುಗಣ್ಣ, ನಮ್ಮ ಆಡು ಮಾತಾಡಂಗಿಲ್ಲ ಅಂತ ಯಾರ ಕಡೆ ಬರಸ್ಕೊಂಡು ಬರಬೇಕೋ? ದನದ ಡಾಕ್ಟ್ರು ಬರಕೊಟ್ರ ನಡೀತತೇನು?’ ನಾನು ನಕ್ಕೆ. ‘ನಗಬ್ಯಾಡಲೇ, ಸಾಹೇಬ್ರು ಬರಕೊಂಡು ಹೋಗ್ಯಾರ’ ಅಂದ. ಅವನ ಆಡುಗಳು ಈಗ ಶಾಲೆಯ ದಾರಿ ಬಿಟ್ಟು ಸುತ್ತು ಹಾಕಿ ಮೇಯಲು ಹೋಗುತ್ತವೆ.

ತಾವು ಪದ್ಮಾವತಿ ಟೀಚರಿಗೆ ಕೊಟ್ಟ ನೋಟಿಸನ್ನು ನಾನು ಓದಿದ್ದೇನೆ. ಓದಿದ್ದು ಏಳನೆಯ ತರಗತಿಯವರೆಗಾದರೂ ತಕ್ಕಡಿ ನೋಡಿ ಬೆಳೆದವನು, ಮುಳ್ಳು ಎತ್ತ ವಾಲುತ್ತದೆಂದು ತಿಳಿಯುತ್ತದೆ. ಆ ಬರಹ ‘ವಾಸ್ತವಕ್ಕೆ ದೂರವಾದದ್ದು’ ಎಂದಿದ್ದೀರಿ. ಅದೇ ವಾಕ್ಯದಲ್ಲಿ ‘ಗಣ್ಯರ ಗೌರವಕ್ಕೆ ಧಕ್ಕೆ ತರುವಂಥದ್ದು’ ಎಂದೂ ಇದೆ. ಒಂದೇ ಸರಕನ್ನು ಎರಡು ತಟ್ಟೆಯಲ್ಲೂ ಇಟ್ಟರೆ ಹೇಗೆ? ವಾಸ್ತವಕ್ಕೆ ದೂರವಾದರೆ ಅದು ಯಾವ ಗಣ್ಯರಿಗೆ ತಾಗಿತು? ತಾಗಿತೆಂದರೆ ಅಷ್ಟು ಹತ್ತಿರಕ್ಕೆ ಹೋದದ್ದು ಹೇಗೆ? ಇನ್ನು ‘ಮೂಢನಂಬಿಕೆಗೆ ಪ್ರೋತ್ಸಾಹ’ ಎಂಬ ಆರೋಪ. ತಮ್ಮ ಜೀಪಿನ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ತೂಗುತ್ತಿದ್ದವು. ಡ್ರೈವರ್ ಕಟ್ಟಿದ್ದಿರಬಹುದು, ಬಿಡಿ. ನನ್ನ ಮಗಳಿಗೆ ಆಡು ಮಾತಾಡುವುದಿಲ್ಲವೆಂದು ಗೊತ್ತಿದೆ. ಗೊತ್ತಿದ್ದೇ ಮಾತಾಡಿಸುತ್ತಾಳೆ. ಕಥೆ ಅಂದರೆ ಅದೇ ತಾನೆ? ಆಡಿನ ಮಾಲೀಕನನ್ನು ಹುಡುಕಿದವರು ಅವಳಲ್ಲ.

ಆಮೇಲೆ ಅವಳಿಂದ ಮೂರು ವಾಕ್ಯ ಬರೆಸಿಕೊಂಡಿರಿ. ರಾಕ್ಷಸರು ಇಲ್ಲ. ಆಡು ಮಾತನಾಡುವುದಿಲ್ಲ. ಕಾಲುವೆಯ ನೀರು ಎಲ್ಲ ಊರುಗಳಿಗೂ ಸಮನಾಗಿ ಬರುತ್ತದೆ. ಮೊದಲೆರಡಕ್ಕೆ ನನ್ನ ತಕರಾರಿಲ್ಲ. ಆದರೆ ನನ್ನ ಮಗಳು ಇದುವರೆಗೆ ಬರೆದ ಎಲ್ಲದರಲ್ಲೂ ಅತಿ ದೊಡ್ಡ ಮಾಯಾಜಾಲ ಆ ಮೂರನೆಯ ವಾಕ್ಯ, ಅದರ ಕರ್ತೃ ತಾವು. ಅದನ್ನು ಗೋಡೆಗೆ ಅಂಟಿಸಿದ್ದರೆ ಊರೆಲ್ಲ ಬಂದು ಓದುತ್ತಿತ್ತು.

ಇಲ್ಲಿಯವರೆಗೆ ವ್ಯಂಗ್ಯ ಮಾಡಿದೆ, ಅದು ಗಂಟಲಿನ ಅಭ್ಯಾಸ. ಇನ್ನು ಮುಂದಿನದಕ್ಕೆ ನನ್ನ ಬಳಿ ವ್ಯಂಗ್ಯವಿಲ್ಲ.

ಗೋಡೆ ಪತ್ರಿಕೆ ಹೋಯಿತು. ಟೀಚರನ್ನು ಲಿಂಗಸುಗೂರಿನ ಕಡೆ ಒಂದು ಕಚೇರಿಯಲ್ಲಿ ಕಂಪ್ಯೂಟರಿಗೆ ಮಾಹಿತಿ ತುಂಬುವ ಕೆಲಸಕ್ಕೆ ಹಾಕಿದಿರಿ. ಪ್ರತಿ ಶನಿವಾರ ಮೊಮ್ಮಗಳ ಬಾಯಿಂದ ಕಥೆ ಕೇಳುತ್ತಿದ್ದ ನನ್ನವ್ವ ಪಕೀರಮ್ಮ, ‘ಏ ಅನು, ಆ ಹುಡುಗಿನ ಹೊಟ್ಟ್ಯಾಗ ಬಿಟ್ಟು ನೀ ಹೆಂಗ ಉಣ್ತೀಬೇ? ಹೊರಗ ತೆಗಿ ಆಕಿನ’ ಎಂದು ಜಗಳಕ್ಕೆ ನಿಂತಳು.

‘ಮುದುಕಮ್ಮ ಅನ್ನಾಕಿ ಯಾರೂ ಇಲ್ಲಜ್ಜಿ. ರಾಕ್ಷಸನೂ ಇಲ್ಲಂತ ನಾ ಬರಕೊಟ್ಟೀನಿ.’

‘ನೀ ಬರಕೊಟ್ರ ಇಲ್ಲದಂಗ ಆಗಿಬಿಡ್ತಾಳೇನು? ನಾ ಆಕಿನ ಬಲ್ಲೆ!’

ಅನುಪಮಾ ಎದ್ದುಹೋಗಿ ಮಗ್ಗಿ ಬರೆಯಲು ಕೂತಳು.

ಮೊದಲು ಆಟೋದಲ್ಲಿ ಮೈಕು ಸಿಕ್ಕರೆ ಸಾಕು, ‘ಮಹಾಜನಗಳೇ, ನಾಳೆ ಮಸ್ಕಿ ಗುಡ್ಡದ ಮೇಲೆ ಮೋಡಗಳ ಸಂತೆ, ಚೀಲ ತಗೊಂಡು ಬರ್ರಿ’ ಎಂದು ಕೂಗಿ ರಸ್ತೆಯವರನ್ನು ನಗಿಸುತ್ತಿದ್ದಳು. ಮೊನ್ನೆ ಅವಳ ಮನಸ್ಸು ತಿರುಗಿಸಲೆಂದು ಒಂದು ಸೀರೆ ಅಂಗಡಿಯ ಚೀಟಿ ಕೊಟ್ಟು ಓದಲು ಹೇಳಿದೆ. ‘ಜಿಲ್ಲೆಯಲ್ಲೇ ಅತಿ ಕಡಿಮೆ ಬೆಲೆ’ ಎಂದಿತ್ತು. ‘ಇದು ಖರೇನಪಾ?’ ಅಂದಳು. ಮೈಕನ್ನು ಸೀಟಿನ ಮೇಲೆ ಇಟ್ಟಳು.

ಕೊನೆಗೆ ನಾನೇ ಬೇಡಿಕೊಂಡೆ. ‘ಗ್ವಾಡಿಗೆ ಹಚ್ಚಬ್ಯಾಡವ್ವ, ಯಾರಿಗೂ ತೋರಿಸಬ್ಯಾಡ. ಮನ್ಯಾಗ ಬರಿ, ನಾವಷ್ಟ ಓದ್ತೀವಿ.’

‘ಬ್ಯಾಡಪ್ಪ. ನಾ ಬರದಿದ್ದಕ್ಕ ಟೀಚರು ಊರು ಬಿಟ್ಟು ಹೋದ್ರು. ಮತ್ತ ಬರದ್ರ ಅವರ ನೌಕರಿನಽ ಹೋಗ್ತತಿ.’

ಪದ್ಮಾವತಿ ಟೀಚರಿಗೆ ಫೋನು ಹಚ್ಚಿಕೊಟ್ಟೆ. ಆ ತಾಯಿ ನಕ್ಕು, ‘ನಾ ಆರಾಮ ಅದೀನಿ, ನೀ ಬರಿ ಪುಟ್ಟಿ’ ಎಂದರು. ಫೋನು ಇಟ್ಟ ಮೇಲೆ ಇವಳು ಹೇಳಿದ್ದು: ‘ಟೀಚರು ನನ್ನ ಸಲುವಾಗಿ ಸುಳ್ಳು ಹೇಳಾಕತ್ತಾರ.’

ಸ್ವಾಮೀ, ಹನ್ನೊಂದು ವರ್ಷದ ಮಗು ತನ್ನ ಒಂದು ಸಾಲಿಗೆ ಒಬ್ಬ ಹೆಣ್ಣುಮಗಳ ಅನ್ನ ಕಸಿಯುವ ಶಕ್ತಿಯಿದೆ ಎಂದು ನಂಬಿ ಬಾಯಿ ಹೊಲಿದುಕೊಂಡಿದೆ. ನೂರು ನಾಲಗೆಯ ರಾಕ್ಷಸನಿಗೆ ಹೆದರದವಳು ತನ್ನ ಪೆನ್ಸಿಲಿಗೆ ಹೆದರುತ್ತಿದ್ದಾಳೆ. ಇದನ್ನು ಬಿಡಿಸಲು ನನ್ನಿಂದ ಆಗಲಿಲ್ಲ, ಅಜ್ಜಿಯಿಂದ ಆಗಲಿಲ್ಲ, ಟೀಚರಿಂದಲೂ ಆಗಲಿಲ್ಲ. ನಮ್ಮ ಮಾತಿಗೆ ಮೊಹರು ಇಲ್ಲ. ತಮ್ಮ ಮಾತಿಗಿದೆ. ಅವಳು ಈಗ ನಂಬುವುದು ತಮ್ಮೊಬ್ಬರನ್ನೇ, ಅದೇ ನನ್ನ ಗತಿ.

ಆದ್ದರಿಂದ ಕೇಳುತ್ತೇನೆ, ಕೈಮುಗಿದೇ ಕೇಳುತ್ತೇನೆ. ಪದ್ಮಾವತಿ ಟೀಚರನ್ನು ವಾಪಸು ಕಳಿಸಿ. ಗೋಡೆಯನ್ನು ಮಕ್ಕಳಿಗೆ ಬಿಟ್ಟುಕೊಡಿ. ಮತ್ತೆ ಒಂದು ಸಲ ಶಾಲೆಗೆ ಬನ್ನಿ, ಜೀಪಿನಲ್ಲೇ ಬನ್ನಿ. ಕ್ಷಮೆ ಕೇಳುವುದು ಬೇಡ, ಭಾಷಣ ಬೇಡ, ಸ್ವಾಗತಕ್ಕೆ ಮೈಕು ನಾನು ಪುಕ್ಕಟೆ ಕೊಡುವುದೂ ಇಲ್ಲ. ಎಲ್ಲ ಮಕ್ಕಳ ಎದುರಿಗೆ ನನ್ನ ಮಗಳ ಪಕ್ಕದಲ್ಲಿ ಕೂತು, ಕಥೆ ಕೇಳುವವರು ಕೇಳುವ ಹಾಗೆ, ಒಂದೇ ಒಂದು ಮಾತು ಕೇಳಿ:

‘ಮುಂದೇನಾತವ್ವ?’

ಇಂತಿ,
ಮೂರು ತಾಲೂಕಿಗೆ ಕೇಳುವಂತೆ ಕೂಗಿಯೂ ಮನೆಯ ಒಬ್ಬಳನ್ನು ಮಾತಾಡಿಸಲಾಗದವನು,
ದುರುಗೇಶ, ಮೈಕ್ ಆಟೋದವ