ಬುಧವಾರಕ್ಕೇನು ದೋಷ?

ಮಿಲ್ ಕ್ವಾರ್ಟರ್ಸ್, ದಾಂಡೇಲಿ
ಶುಕ್ರವಾರ, 21 ಮೇ 2004

ನನ್ನ ಮಾಲವ್ವಾ,

ನಿನ್ನ ತಂಗಿ ಸುಶೀಲವ್ವನ ಕಾಲಿನ ಬಾವು ಇಳಿಯಿತೇ? ಅವಳ ಸೇವೆಗೆಂದು ಹೋದವಳು ನಿನ್ನ ಮೊಣಕಾಲು ಮರೆತು ಕೊಡ ಹೊರಬೇಡ. ನಾನು ಕ್ಷೇಮ. ಮೊನ್ನೆ ಅನ್ನ ತಳ ಹಿಡಿಯಿತು, ನಿನ್ನೆ ಗಂಜಿಯಾಯಿತು, ಇವತ್ತು ಪಕ್ಕದ ಮನೆಯ ಮಹಾದೇವಕ್ಕ ಕನಿಕರಪಟ್ಟು ರೊಟ್ಟಿ ಕಳಿಸಿದಳು.

ಈಗ ಸುದ್ದಿ ಕೇಳು. ಬೆಲ್ಲದ ಡಬ್ಬಿ ನನ್ನ ಕೈಜಾರಿ ಬಿತ್ತು. ನೋಡನೋಡುತ್ತಿದ್ದಂತೆ ಅಡುಗೆಮನೆಯ ಹಲಗೆಯ ಮೇಲೆ ಇರುವೆಗಳ ದಂಡಯಾತ್ರೆ! ಒರೆಸೋಣವೆಂದು ಹಾಸಿದ ಪೇಪರ್ ಎತ್ತಿದರೆ ಅದರಡಿ ಇನ್ನೊಂದು, ಅದರಡಿ ಮತ್ತೊಂದು. ದಸರೆ ದಸರೆಗೂ ಹಳೆಯದನ್ನು ತೆಗೆಯದೆ ಅದರ ಮೇಲೇ ಹೊಸದನ್ನು ಹಾಸುತ್ತ ಬಂದಿದ್ದೀಯಲ್ಲ! ಕೇಳಿದರೆ "ಇರ್ಲಿ ಬಿಡ್ರಿ, ಡಬ್ಬಿಗೆ ಮೆತ್ತಗಾಗತೈತಿ" ಅನ್ನುತ್ತಿದ್ದೆ. ಮಿಲ್ಲಿನಲ್ಲಿ ಕಾಗದ ಮಾಡುತ್ತಲೇ ಮುದುಕನಾದ ನಾನು ಮನೆಯೊಳಗಿನ ಈ ಕಾಗದದ ಹಾಸಿಗೆಯನ್ನು ನೋಡಿಯೇ ಇರಲಿಲ್ಲ. ನೆಲಕ್ಕೆ ಕುಳಿತೆ, ಕನ್ನಡಕ ಏರಿಸಿದೆ, ಪದರ ಬಿಡಿಸಿ ಓದತೊಡಗಿದೆ. ಗಟ್ಟಿಯಾಗಿಯೇ! ನಾಟಕ ಸಂಘದಲ್ಲಿ ರಾಜನ ಪಾರ್ಟು ಮಾಡಿದ ಗಂಟಲು, ಮೆಲ್ಲಗೆ ಓದಲು ಅದಕ್ಕೆಲ್ಲಿ ಬರಬೇಕು?

ಎಲ್ಲಕ್ಕಿಂತ ಕೆಳಗೆ ಸೂರತ್ತಿನ ಪ್ಲೇಗಿನ ಸುದ್ದಿ. ಆ ವರ್ಷವೇ ಅಲ್ಲವೇ ಏಜೆಂಟ್ ಜ್ಯೋತಿಬಾನ ಮಾತು ಕೇಳಿ ನನ್ನ ಬೋನಸ್ಸನ್ನು ಮ್ಯೂಚುವಲ್ ಫಂಡಿಗೆ ಹಾಕಿದ್ದು? ರಿಟೈರಾಗಿ ಈ ಕ್ವಾರ್ಟರ್ಸ್ ಬಿಟ್ಟಮೇಲೆ ಹಳಿಯಾಳದಲ್ಲಿ ಸ್ವಂತದ್ದೊಂದು ಮನೆ, ಅದರ ಬಾಗಿಲಿಗೆ ನಿನ್ನ ಮಲ್ಲಿಗೆ ಬಳ್ಳಿ, ಅದಕ್ಕೆಂದು. ಪೇಪರ್ ಹಿಡಿದು "ಹೋಯಿತು! ದೇಶ ಹೋಯಿತು! ಈಗಲೇ ಮಾರಿಬಿಡುತ್ತೇನೆ!" ಎಂದು ಗರ್ಜಿಸಿದ್ದೆ. ನೀನು ರೊಟ್ಟಿ ಬಡಿಯುವ ಕೈ ನಿಲ್ಲಿಸದೆ "ಇವತ್ತ ಮಂಗಳವಾರ ಐತ್ರಿ, ಮನಿ ಲಕ್ಷ್ಮೀನ ಮಾರಬಾರದು" ಎಂದೆ. ದೋಷ ಅಂದರೆ ಈ ರಾಜನಿಗೂ ಭಯ, ಪೇಪರ್ ಮಡಚಿಟ್ಟೆ.

ಅಣುಬಾಂಬಿನ ವರ್ಷ ಪರದೇಶದವರು ಸಾಲ ನಿಲ್ಲಿಸುತ್ತಾರಂತೆ ಎಂದು ಮತ್ತೆ ಮಾರಲು ಎದ್ದೆ. "ಸೋಮವಾರ ಬಸವಣ್ಣಗ ನೊಗ ಹೂಡೂದಿಲ್ಲ, ಗೊತ್ತಿಲ್ಲೇನ್ರಿ?" ನಮ್ಮಲ್ಲಿ ಎತ್ತು ಎಲ್ಲಿತ್ತೇ ಮಾರಾಯ್ತಿ! ಹೊಸ ವರ್ಷಕ್ಕೆ ಜಗತ್ತಿನ ಕಂಪ್ಯೂಟರೆಲ್ಲ ಹುಚ್ಚಾಗುತ್ತವೆ ಎಂದಾಗ ಅಮಾಸಿ ಬಂತು, ಶೇರುಪೇಟೆಯ ಹಗರಣ ಬಂದಾಗ ಶುಕ್ರವಾರ. ಗಣಪತಿ ಹಾಲು ಕುಡಿದ ಸುದ್ದಿಗೂ ಮಾರಲು ಹೊರಟಿದ್ದೆ, ಯಾಕೆಂದು ಈಗ ನನಗೂ ತಿಳಿಯದು. ದೋಷ ಕಳೆಯುವಷ್ಟರಲ್ಲಿ ನನ್ನ ಹೆದರಿಕೆಯೂ ಕಳೆದಿರುತ್ತಿತ್ತು. ಹೋದ ದೇಶ ಮರುದಿನ ಮಿಲ್ ಗೇಟಿನ ಮುಂದೆ ಚಹಾ ಕುಡಿಯುತ್ತ ನಿಂತಿರುತ್ತಿತ್ತು.

ಈ ಮಂಗಳವಾರವೂ ಅದೇ ದೃಶ್ಯ. ಶೇರುಪೇಟೆ ಕುಸಿಯಿತೆಂದು ನಾನು ಕೂಗಿದೆ, "ಇವತ್ತ ಮಂಗಳವಾರ, ನಾಳೆ ಅಮಾಸಿ" ಎಂದು ನೀನು ಅಡ್ಡ ಬಂದೆ. ಮರುದಿನ ಬೆಳಿಗ್ಗೆ ಸುಶೀಲವ್ವ ಬಿದ್ದಳೆಂದು ಫೋನು ಬಂತು. ಗಂಟು ಕಟ್ಟಿಕೊಂಡು ಸಿಕ್ಕ ಬಸ್ಸಿಗೇ ಮುಂಡಗೋಡಕ್ಕೆ ಹೊರಟೆಯಲ್ಲ, ಮಾಲವ್ವಾ, ಅಮಾವಾಸ್ಯೆಯ ದಿನವೇ! ಈ ಪೇಪರುಗಳ ನಡುವೆ ಕುಳಿತಾಗಲೇ ನನಗದು ಹೊಳೆದದ್ದು: ಯಾವ ವಾರವೂ ಯಾವ ತಿಥಿಯೂ ನಿನ್ನ ಕಾಲು ಕಟ್ಟಿದ್ದೇ ಇಲ್ಲ. ದೋಷಗಳೆಲ್ಲ ನನ್ನೊಬ್ಬನಿಗೆ! ಹೊಟ್ಟೆ ತುಂಬ ನಕ್ಕೆ. ಆಮೇಲೆ ಇನ್ನೊಂದೂ ಹೊಳೆಯಿತು. ಇಷ್ಟು ವರ್ಷ ಒಮ್ಮೆಯೂ "ನಿಮಗ ತಿಳಿಯೂದಿಲ್ಲ, ಸುಮ್ಮನಿರ್ರಿ" ಅನ್ನಲಿಲ್ಲ ನೀನು. ಬಣ್ಣದ ಕಿರೀಟವಾದರೂ ನನ್ನ ತಲೆಯ ಮೇಲೆ ಇರಲಿ ಎಂದು ಪಂಚಾಂಗವನ್ನೇ ಮುಂದೆ ಮಾಡಿದೆ.

ಪೇಪರುಗಳನ್ನು ಇದ್ದ ಹಾಗೆಯೇ ಹಾಸಿದ್ದೇನೆ. ಈ ಮಂಗಳವಾರದ್ದನ್ನು ಎಲ್ಲಕ್ಕಿಂತ ಮೇಲೆ ಹಾಕಿ ಬೆಲ್ಲದ ಡಬ್ಬಿ ಇಟ್ಟಿದ್ದೇನೆ. ಸುಶೀಲವ್ವನಿಗೆ ನನ್ನ ಆಶೀರ್ವಾದ, ಅವಳ ಮನೆಯವರಿಗೆ ನಮಸ್ಕಾರ.

ನಿನ್ನ ಮನೆಯ ಮಹಾರಾಜ,
ಮಹಾಂತಪ್ಪ

ತಾ.ಕ.: ಜ್ಯೋತಿಬಾ ಬರುವ ಬುಧವಾರ ಮಾರುವ ಫಾರ್ಮು ತರುತ್ತಾನೆ. ನೀನು ಬಸ್ಸು ಹತ್ತಿದ ಸಂಜೆಯೇ ನಾನು ಅವನಿಗೆ ಹೇಳಿಕಳಿಸಿಬಿಟ್ಟಿದ್ದೆ. ಇಷ್ಟೆಲ್ಲ ತಿಳಿದವನಂತೆ ಬರೆದೆನಲ್ಲ, ಇವತ್ತಿನ ಪೇಪರ್ ನೋಡಿ ಮತ್ತೆ ಮಾರಿಬಿಡೋಣ ಅನ್ನಿಸುತ್ತಿದೆ. ಎಷ್ಟು ಹುಡುಕಿದರೂ ಬುಧವಾರಕ್ಕೆ ಒಂದು ದೋಷ ಸಿಗುತ್ತಿಲ್ಲ. ಏನಾದರೂ ಇದ್ದರೆ ಕೂಡಲೇ ತಿಳಿಸು. ಸುಶೀಲವ್ವ ಎದ್ದು ಓಡಾಡುವಂತಿದ್ದರೆ ನೀನೇ ಬಂದುಬಿಡು. ಹೆಂಡತಿ ಊರಿಂದ ಬಂದ ದಿನ ಮನೆಯ ಲಕ್ಷ್ಮಿಯನ್ನು ಮಾರಬಾರದೆಂದು ಜ್ಯೋತಿಬಾನಿಗೆ ನಾನೇ ಹೇಳುತ್ತೇನೆ, ಓಣಿಗೆಲ್ಲ ಕೇಳುವಂತೆ.