ಐವತ್ತೆರಡು ಸಾವಿರದ ಮಾತು

ಮನೆಯಿಂದ,
ಮಾರ್ಚ್ ಒಂಬತ್ತು, ಭಾನುವಾರ ಮಧ್ಯಾಹ್ನ

ಮುದ್ದಿನ ಮಗಳೇ,

ಹೇಗಿದ್ದೀಯ? ಹೋದ ಸಲ ಬಂದಾಗ ಕೆಮ್ಮುತ್ತಿದ್ದೆಯಲ್ಲ, ಅದು ಹೋಯಿತೋ ಇಲ್ಲ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಊರೂರು ತಿರುಗಿಸುತ್ತಿದ್ದೀಯೋ? ಸೊಂಟದ ಹಿಂದೆ ಒಂದು ದಿಂಬು ಇಟ್ಟುಕೋ ಅಂದಿದ್ದೆ. ಇಟ್ಟುಕೊಂಡಿಲ್ಲ ಅಂತ ಗೊತ್ತು. ನಿಮ್ಮಮ್ಮ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ, ತಲೆಯೊಂದು ಬಿಟ್ಟು. ಅದಕ್ಕೆ ಮೂರು ವಾರದಿಂದ ಚಿಟ್ಟು ಹಿಡಿದಿದೆ, ಹಿಡಿಸಿದವಳು ನೀನು. ಫೋನಿನಲ್ಲಿ ಹೇಳೋಣವೆಂದರೆ ಓಡಿಸುವಾಗ ನೀನು ಎತ್ತುವುದಿಲ್ಲ, ಎತ್ತಲೂ ಬೇಡ. ನಿಲ್ಲಿಸಿದಾಗ ಮಾಡಿದರೆ ನಿಮ್ಮಮ್ಮ ಸ್ಪೀಕರ್ ಹಾಕಿ ನಮ್ಮಿಬ್ಬರ ನಡುವೆ ಕೂತುಬಿಡುತ್ತಾಳೆ. ಅದಕ್ಕೇ ಈ ಕಾಗದ. ನಿಮ್ಮ ಕಂಪನಿ ಆಫೀಸಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಲೋಡಿನ ಚೀಟಿ ತೆಗೆದುಕೊಳ್ಳಲು ಹೋದಾಗ ಕೊಡುತ್ತಾರೆ.

ನೀನು ಬಂದಿದ್ದ ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ನಿನ್ನ ಸೋದರಮಾವ ಕೇಳಿದ, ದೂರದೂರಿಗೆ ಓಡುವ ಲೈನ್ ಗಾಡಿಯಲ್ಲಿ ತಿಂಗಳಿಗೆ ಎಷ್ಟು ಸಿಗುತ್ತೆ ಅಂತ. ಅವನು ಟೈಲರ್, ಅಂಗಿ ಅಳೆಯಬೇಕು, ಸಂಬಳ ಅಳೆಯಲು ಯಾಕೆ ಬರಬೇಕು? ಏನೋ ಬರುತ್ತೆ ಮಾವ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನೀನು ತಟ್ಟೆಯಿಂದ ತಲೆ ಕೂಡ ಎತ್ತದೆ "ಐವತ್ತೆರಡು ಸಾವಿರ" ಅಂದೆ. ಅಂದು, ನೀರು ಕುಡಿದೆ. ಮೂವತ್ತಮೂರು ವರ್ಷ ಲೋಕಲ್ ಗಾಡಿಯಲ್ಲಿ ಬೇಕರಿ ಬೇಕರಿಗೆ ಹಿಟ್ಟಿನ ಮೂಟೆ ಸಾಗಿಸಿ, ಅವತ್ತಿಗೂ ಮೂವತ್ತನಾಲ್ಕು ಸಾವಿರ ತರುತ್ತಿದ್ದ ಅಪ್ಪ ಎದುರಿಗೇ ಕೂತಿದ್ದಾನೆ ಅನ್ನುವುದು ನಿನಗೆ ನೆನಪಾಗಲಿಲ್ಲ. ಇರಲಿ, ನನಗೇನೂ ಬೇಜಾರಾಗಲಿಲ್ಲ. ಸ್ವಲ್ಪ ಆಯಿತು.

ನಿನ್ನ ಮಾವನ ಬಾಯಿ ನಿನಗೆ ಗೊತ್ತಿಲ್ಲವೇ? ಮಾರನೆಯ ದಿನದಿಂದ ಅಂಗಡಿಗೆ ಅಳತೆ ಕೊಡಲು ಬಂದವರಿಗೆಲ್ಲ, ಕೈ ಮೇಲೆತ್ತಿ ನಿಲ್ಲಿಸಿಕೊಂಡೇ ಈ ಸುದ್ದಿ ಹೇಳಿದ. ಬುಧವಾರದ ಹೊತ್ತಿಗೆ ಅದು ಅರವತ್ತು ಸಾವಿರವಾಗಿತ್ತು. ನಿನಗೆ ಅಷ್ಟು ಏರಿಸಲು ನಿಮ್ಮ ಮಾಲೀಕರಿಗೆ ಇನ್ನೂ ಮೂರು ವರ್ಷ ಬೇಕು, ಇವನಿಗೆ ಮೂರು ದಿನ ಸಾಕಾಯಿತು. ಅಷ್ಟಕ್ಕೇ ಬಿಡದೆ, ನಲವತ್ತಾರನೇ ವಯಸ್ಸಿನಲ್ಲಿ ಹೊಲಿಗೆ ಯಂತ್ರ ಮಾರಿ ತಾನೂ ಲಾರಿ ಡ್ರೈವರ್ ಆಗುತ್ತೇನೆ ಅಂತ ಕೂತ. ದಿನಾ ಸಂಜೆ ಬಂದು ಭಾವ, ಕಲಿಸಿ ಅಂತ ನನ್ನ ತಲೆ ತಿಂದ. ತಮ್ಮನಿಗೆ ಅಷ್ಟೂ ಮಾಡಬಾರದೇ ಅಂತ ನಿಮ್ಮಮ್ಮ ಬೇರೆ. ಹೋದ ಭಾನುವಾರ ನಮ್ಮ ಲಾರಿ ಡಿಪೋದ ಖಾಲಿ ಅಂಗಳಕ್ಕೆ ಕರೆದುಕೊಂಡು ಹೋದೆ. ಕ್ಲಚ್ಚಿಗೆ ಕಾಲು ಎಟುಕಲಿಲ್ಲ ಅಂತ ಸೀಟಿನ ತುದಿಗೆ ಜಾರಿದ, ಗೇರು ಯಾವುದಕ್ಕೆ ಬಿತ್ತೋ, ಗಾಡಿ ಹಿಂದಕ್ಕೆ ಹೋಗಿ ಗೋದಾಮಿನ ಶಟರ್ ಒಳಕ್ಕೆ ಹೋಯಿತು. ಅವನು ಮಾತ್ರ ಸ್ಟೇರಿಂಗ್ ಬಿಗಿಯಾಗಿ ಹಿಡಿದು ಮುಂದಕ್ಕೇ ನೋಡುತ್ತಿದ್ದ. ಈಗ ಹೊಲಿಗೆ ಯಂತ್ರ ಮಾರುವ ಮಾತು ನಿಂತಿದೆ. ಶಟರ್ ರಿಪೇರಿ ನನ್ನ ತಲೆಗೆ ಬಂದಿದೆ.

ಇದನ್ನಾದರೂ ನಕ್ಕು ಮರೆಯಬಹುದು. ಡಿಪೋದಲ್ಲಿ ಆದದ್ದು ಹಾಗಲ್ಲ. ಮಾತು ಅಲ್ಲಿಗೂ ಹೋಯಿತು. ಒಂದೇ ವಾರದಲ್ಲಿ ಇಬ್ಬರು ಕೆಲಸ ಬಿಡುತ್ತೇವೆ ಅಂತ ಬರೆದುಕೊಟ್ಟರು, ಮೂರನೆಯವನಾಗಿ, ನಾವೆಲ್ಲ ಮೀಸೆ ಅಂತಲೇ ಕರೆಯುವವನು ತಯಾರಾಗಿ ನಿಂತ. ಮೀಸೆಯನ್ನು ನೀನು ನೋಡಿದ್ದೀಯ, ನನ್ನ ಪಕ್ಕದ ಗಾಡಿಯವನು, ಎರಡು ಚಿಕ್ಕ ಮಕ್ಕಳ ತಂದೆ. ಮಾಲೀಕ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದ. ನಿಮ್ಮ ಮಗಳು ಒಂದು ತುತ್ತು ಊಟ ಮಾಡಿ ಎದ್ದಳು, ನನ್ನ ಡಿಪೋ ಖಾಲಿಯಾಯಿತು ಅಂದ. ನೀವು ಹಿರಿಯರು, ಲೈನ್ ಗಾಡಿಯಲ್ಲಿ ಕೈಗೆ ನಿಜವಾಗಿ ಎಷ್ಟು ಉಳಿಯುತ್ತೆ ಅಂತ ಹುಡುಗರಿಗೆ ನೀವೇ ಹೇಳಿ ಅಂದ. ಮೂವತ್ತಮೂರು ವರ್ಷ ಮೂಟೆ ಎತ್ತಿ ಇಳಿಸಿದ ಮೇಲೆ ಇದೊಂದು ಕೆಲಸ ಬಾಕಿಯಿತ್ತು ನೋಡು.

ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು, ಸಿಟ್ಟು ಮಾಡಿಕೊಳ್ಳಬೇಡ. ಎಷ್ಟು ಉಳಿಯುತ್ತೆ ಅಂತ ಆ ಹೊತ್ತಿಗೆ ನನಗೆ ಗೊತ್ತಿತ್ತು. ನೀನು ಬಿಟ್ಟುಹೋದ ಜಾಕೆಟ್ ಒಗೆಯಲು ಹಾಕುವ ಮೊದಲು ಜೇಬು ನೋಡು ಅಂತ ನಿಮ್ಮಮ್ಮ ಹೇಳಿದಳು, ನೋಡಿದೆ. ಸಂಬಳದ ಚೀಟಿ ಸಿಕ್ಕಿತು. ಐವತ್ತೆರಡು ಸಾವಿರ ಅಂತಲೇ ಇತ್ತು, ನೀನು ಸುಳ್ಳು ಹೇಳಿರಲಿಲ್ಲ. ಆದರೆ ಹರಿದ ಟಾರ್ಪಾಲಿಗೆ ಅಂತ ಒಂದಷ್ಟು ಹಿಡಿದಿದ್ದರು. ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ನಿನ್ನದೇ ಕೈಬರಹ. ಹೊರಗಿನ ಊಟ, ಪಾರ್ಕಿಂಗ್, ಸ್ನಾನ, ಬಟ್ಟೆ ಒಗೆತ, ಮತ್ತೆ ಪಾರ್ಕಿಂಗ್. ಕೆಳಗೆ ಮೂವತ್ತಾರು ಸಾವಿರ ಅಂತ ಬರೆದು ಅದರ ಸುತ್ತ ಗೆರೆ ಎಳೆದಿದ್ದೆ. ಪಕ್ಕದಲ್ಲಿ "ಗೇಟ್ 11 ಗಂಟೆ, ಗೇಟ್ 9 ಗಂಟೆ" ಅಂತ. ಗಾಡಿ ಓಡಿದ ಕಿಲೋಮೀಟರಿಗೆ ದುಡ್ಡು, ಲೋಡಿಗಾಗಿ ಗೇಟಿನಲ್ಲಿ ಗಂಟೆಗಟ್ಟಲೆ ಕಾಯುವುದಕ್ಕೆ ಇಲ್ಲ, ಅಲ್ಲವೇ? ತಿಂಗಳಿಗೆ ಇಪ್ಪತ್ತೆರಡು ರಾತ್ರಿ ಹೊರಗೆ ಕಳೆದು ನನಗಿಂತ ಎರಡು ಸಾವಿರ ಜಾಸ್ತಿ. ಗಂಟೆಯ ಲೆಕ್ಕ ಹಿಡಿದರೆ ನಮ್ಮ ಮನೆಯಲ್ಲಿ ನಾನೇ ಶ್ರೀಮಂತ.

ಮಾಲೀಕ ಹೇಳಿದ ಮಾರನೆಯ ಸಂಜೆ ಡಿಪೋದ ಟಯರುಗಳ ಪಕ್ಕ ಎಲ್ಲರೂ ನಿಂತಿದ್ದರು. ಚೀಟಿ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ತೋರಿಸಬೇಕು ಅಂತಲೇ ತಂದಿದ್ದೆ, ಮುಚ್ಚಿಡುವುದೇನು. ಶುರು ಮಾಡಿದೆ. ಲೋಕಲ್ ಅಂದರೆ ಮನೆಯೂಟ, ಮನೆಯ ಹಾಸಿಗೆ, ಮಕ್ಕಳ ಮುಖ, ಅದಕ್ಕೂ ಒಂದು ಬೆಲೆಯಿದೆ ಅಂತೆಲ್ಲ ಹೇಳಿದೆ. ಮೀಸೆ ಪೂರ್ತಿ ಕೇಳಿಸಿಕೊಂಡು, "ಅಣ್ಣಾ, ಬೇಜಾರಾಗಬೇಡಿ. ನಿಮಗೆ ಮಗಳ ಸಂಬಳದ ಮೇಲೆ ಹೊಟ್ಟೆಕಿಚ್ಚು" ಅಂದ. ಎಲ್ಲರೂ ನಕ್ಕರು.

ಮೈ ಉರಿದುಹೋಯಿತು. ಜೇಬಿಗೆ ಕೈ ಹಾಕಿದೆ. ಚೀಟಿ ಬೆರಳಿಗೆ ಸಿಕ್ಕಿತು ಕೂಡ. ಆದರೆ ಅವತ್ತು ನೀನು ತಟ್ಟೆಯಿಂದ ತಲೆಯೆತ್ತದೆ ಹೇಳಿದ್ದು ಯಾಕೆ ಅಂತ ಆಗ ಹೊಳೆಯಿತು. ಹುಡುಗಿ ಲಾರಿ ಓಡಿಸುತ್ತಾಳಂತೆ ಅಂತ ಎರಡು ವರ್ಷ ಮೂಗು ಮುರಿದವರ ಮುಂದೆ ನಿನ್ನ ಹತ್ತಿರ ಇದ್ದದ್ದು ಆ ಒಂದು ಅಂಕಿ. ಅದನ್ನು ಟಯರುಗಳ ನಡುವೆ ನಿಂತು ನಾನೇ ಹರಿದು ಹಂಚುವುದೇ? ಕೈ ಹೊರಗೆ ತೆಗೆದೆ. "ಹೌದಪ್ಪಾ, ಸ್ವಲ್ಪ ಹೊಟ್ಟೆಕಿಚ್ಚೇ" ಅಂದೆ. ಇನ್ನೂ ಜೋರಾಗಿ ನಕ್ಕರು. ಮನೆಗೆ ಬಂದು ನಿಮ್ಮಮ್ಮನ ಮೇಲೆ ಕಾರಣವಿಲ್ಲದೆ ರೇಗಿದೆ, ಅದಕ್ಕೂ ನೀನೇ ಕಾರಣ.

ಮೀಸೆಯನ್ನು ಮಾತ್ರ ಮರುದಿನ ಒಬ್ಬನನ್ನೇ ಕೂರಿಸಿಕೊಂಡು, ನಿನ್ನ ಹೆಸರೆತ್ತದೆ, ಕೆಲಸಕ್ಕೆ ಸೇರುವ ಮೊದಲು ಕಾಯುವ ಗಂಟೆಗೆ ಎಷ್ಟು ಕೊಡುತ್ತಾರೆ ಅಂತ ಕೇಳು ಅಂದೆ. ಕೇಳಿದನಂತೆ. ಇನ್ನೂ ನನ್ನ ಪಕ್ಕದ ಗಾಡಿಯಲ್ಲೇ ಇದ್ದಾನೆ, ನನಗೆ ಮುಖ ತೋರಿಸುತ್ತಿಲ್ಲ. ಉಳಿದವರೂ ಹೋದಾರು ಅಂತ ಹೆದರಿ ಮಾಲೀಕ ಲೋಕಲ್‌ನವರಿಗೆಲ್ಲ ಎರಡು ಸಾವಿರ ಏರಿಸಿದ. ಇದು ನಿನ್ನ ಬಾಯಿಂದಲೇ ಆದ ಒಳ್ಳೆಯದು ಅಂತ ನಿಮ್ಮಮ್ಮ ಹೇಳುತ್ತಾಳೆ. ಇರಬಹುದು. ಈಗ ಕೈಗೆ ಉಳಿಯುವುದರಲ್ಲಿ ನೀನೂ ನಾನೂ ಸರಿಸಮ. ಇನ್ನೊಮ್ಮೆ ಯಾರಾದರೂ ಸಂಬಳ ಕೇಳಿದರೆ ಬಾಯಿತುಂಬ ಊಟ ಇಟ್ಟುಕೊಂಡಿರು, ಅಷ್ಟೇ ಬೇಡಿಕೊಳ್ಳುವುದು.

ಜಾಕೆಟ್ ಒಗೆದು ಇಟ್ಟಿದೆ, ಚೀಟಿ ಅದೇ ಜೇಬಿನಲ್ಲಿದೆ, ನಾನು ನೋಡೇ ಇಲ್ಲ ಅಂತ ಇಟ್ಟುಕೋ. ನಿಮ್ಮಮ್ಮ ನಿನ್ನ ನೆನಪಿನಲ್ಲಿ ದಿನಾ ಗೊಣಗುತ್ತಾಳೆ, ಅದನ್ನೇ ಆಶೀರ್ವಾದ ಅಂದುಕೋ. ನನ್ನದೂ ಇದೆ. ನಿದ್ದೆ ಬಂದರೆ ಗಾಡಿ ನಿಲ್ಲಿಸು, ಲೋಡು ತಡವಾದರೆ ತಡವಾಗಲಿ.

ಇಂತಿ,
ತಲೆಕೆಟ್ಟ ನಿನ್ನ ಅಪ್ಪ

ಲಕೋಟೆ ಅಂಟಿಸುವ ಮೊದಲು ಇದೊಂದು: ಬಿಟ್ಟುಹೋದ ಇಬ್ಬರಲ್ಲಿ ಒಬ್ಬ ನಮ್ಮ ಡಿಪೋದಲ್ಲಿರುವ ಒಂದೇ ಲೈನ್ ಗಾಡಿ ಓಡಿಸುತ್ತಿದ್ದವನು, ನಿಮ್ಮ ಕಡೆ ಇನ್ನೂ ಜಾಸ್ತಿ ಸಿಗುತ್ತೆ ಅಂತ ಹೋದ. ಹೊಸಬರು ಸಿಗುವವರೆಗೆ ನೀವು ಓಡಿಸಿ ಅಂತ ಮಾಲೀಕ ಕೇಳಿದ, ಆಗಲಿ ಅಂದುಬಿಟ್ಟೆ. ನಾಳೆಯ ಸೋಮವಾರವಲ್ಲ, ಅದರ ಮುಂದಿನದು, ಐದು ದಿನದ ಓಟ. ನಿಮ್ಮಮ್ಮನಿಗೆ ಎರಡೇ ದಿನ ಅಂದಿದ್ದೇನೆ. ಈ ಐವತ್ತೆಂಟು ವರ್ಷದಲ್ಲಿ ನಾನು ಒಂದು ರಾತ್ರಿಯೂ ಗಾಡಿಯಲ್ಲಿ ಮಲಗಿದವನಲ್ಲ. ಎಲ್ಲಿ ನಿಲ್ಲಿಸಿದರೆ ಭಯವಿಲ್ಲ, ಒಳಗಿನಿಂದ ಬಾಗಿಲು ಹೇಗೆ ಭದ್ರ ಮಾಡುತ್ತೀಯ, ಸ್ನಾನಕ್ಕೆ ಎಲ್ಲಿ ಹೋಗುತ್ತೀಯ, ಎಲ್ಲ ಬರೆದು ಬೇಗ ಕಳಿಸು. ನೀನು ಮೊದಲ ಸಲ ಹೊರಟಾಗ ನಾನು ಎಣ್ಣೆ ನೋಡಿದೆ, ಟಯರ್ ನೋಡಿದೆ, ಇದರಲ್ಲಿ ಒಂದನ್ನೂ ನಿನ್ನನ್ನು ಕೇಳಲಿಲ್ಲ.